ದಾವಣಗೆರೆಯ ಕೋಣೆಯಲ್ಲಿ ಜೋಗಿಮಟ್ಟಿಯ ಏರು

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಸುಮಾರು 730ರಲ್ಲಿ. ನಡುವೆ ಹತ್ತಿರ ಹತ್ತಿರ 60 ಕಿಲೋಮೀಟರ್ ಹೆದ್ದಾರಿ. ಲೆಕ್ಕ ಹಾಕಿದರೆ ಆನಗೋಡು, ಭರಮಸಾಗರ ದಾಟಿ ದುರ್ಗ ಮುಟ್ಟುವವರೆಗೆ ಸರಾಸರಿ ಏರು ನೂರು ಮೀಟರಿಗೆ ಕಾಲು ಮೀಟರೂ ಇಲ್ಲ. ಕುಂದುವಾಡ ಕೆರೆ ಸುತ್ತುವವರಿಗೆ, ಭದ್ರಾ ನಾಲೆಯ ಪಕ್ಕದ ರಸ್ತೆ ಹಿಡಿಯುವವರಿಗೆ ಎದುರುಗಾಳಿಯೇ ಗುಡ್ಡ. ಇಂಥ ಬಯಲಲ್ಲಿ ಗಂಟೆಗೆ 30 ಕಿಲೋಮೀಟರ್ ಸಲೀಸಾಗಿ ಹೊಡೆಯುವವರು ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಕ್ಕೋ ಮುಳ್ಳಯ್ಯನಗಿರಿಗೋ ಹೋದಾಗ ಅರ್ಧ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವುದು ಅಪರೂಪವೇನಲ್ಲ. ಅವರಿಗೆ ಶಕ್ತಿ ಕಡಿಮೆ ಇರುವುದಿಲ್ಲ. ಆ ಶಕ್ತಿಯನ್ನು ನಿಧಾನದ ವೇಗದಲ್ಲಿ, ಭಾರದ ಪೆಡಲ್ ಮೇಲೆ ಇಳಿಸುವ ರೂಢಿ ಇರುವುದಿಲ್ಲ.

ಸ್ಮಾರ್ಟ್ ಟ್ರೈನರ್, ಅಂದರೆ ಮನೆಯಲ್ಲೇ ಸೈಕಲ್ ಕೂರಿಸಿ ತುಳಿಯಲು, ಆ್ಯಪ್ ಹೇಳಿದಂತೆ ಪೆಡಲಿನ ತಡೆ ಬದಲಿಸುವ ಯಂತ್ರ, ಈ ರೂಢಿಯನ್ನು ಕೊಡಬಲ್ಲದು. ಆದರೆ ಡಬ್ಬಿಯಿಂದ ತೆಗೆದು, ಆ್ಯಪ್ ಹಾಕಿ, ಬಂದ ಸೆಟ್ಟಿಂಗಿನಲ್ಲೇ ತುಳಿದರೆ ಕೊಡುವುದಿಲ್ಲ. ತುಳಿತದ ಶಕ್ತಿ ಹೇಳುವ ವಾಟ್ ಸಂಖ್ಯೆ ಸರಿ ಬರುತ್ತದೆ, ಕಾಲಿಗೆ ಮಾತ್ರ ಗುಡ್ಡದ ಪರಿಚಯವೇ ಆಗುವುದಿಲ್ಲ.

ಯಾಕೆ ಅಂತ ಒಂದು ಲೆಕ್ಕದಲ್ಲಿ ನೋಡೋಣ. ಸವಾರ 70 ಕೆಜಿ, ಸೈಕಲ್, ನೀರು, ಪಂಪು ಎಲ್ಲ ಸೇರಿ 10 ಕೆಜಿ ಅಂತಿಟ್ಟುಕೊಳ್ಳಿ. ಸಪಾಟು ರಸ್ತೆಯಲ್ಲಿ ಗಾಳಿ ಇಲ್ಲದಾಗ 180 ವಾಟ್ ಹಾಕಿದರೆ ಸುಮಾರು 32 ಕಿ.ಮೀ. ವೇಗ ಬರುತ್ತದೆ. ಅದೇ 180 ವಾಟಿಗೆ ಶೇ. 8ರ ಏರಿನಲ್ಲಿ ಸಿಗುವುದು ಹೆಚ್ಚೆಂದರೆ 9 ಕಿ.ಮೀ. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಗೇರಿನಲ್ಲಿ ಒಂದು ಸುತ್ತು ಪೆಡಲಿಗೆ ಸೈಕಲ್ ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ. ಹಾಗಾಗಿ 9 ಕಿ.ಮೀ. ವೇಗದಲ್ಲಿ ಕೇಡೆನ್ಸ್, ಅಂದರೆ ನಿಮಿಷಕ್ಕೆ ಪೆಡಲ್ ತಿರುಗುವ ಸುತ್ತು, 59. ರಸ್ತೆ ಶೇ. 12ಕ್ಕೆ ಏರಿದರೆ ಹೆಚ್ಚುಕಡಿಮೆ ಅದೇ ವಾಟಿಗೆ ವೇಗ 6 ಕಿ.ಮೀ.ಗೆ ಬೀಳುತ್ತದೆ, ಕೇಡೆನ್ಸ್ 39ಕ್ಕೆ. ಬಯಲಲ್ಲಿ 85-90ರಲ್ಲಿ ತಿರುಗಿ ಅಭ್ಯಾಸವಾದ ಕಾಲು 39ರಲ್ಲಿ ನಿಲ್ಲುವುದು ಇಲ್ಲಿಯೇ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅದು ಓಟದ ವೇಗದಲ್ಲಿ ಕೂಡಿಟ್ಟ ಶಕ್ತಿ. 32 ಕಿ.ಮೀ. ವೇಗದಲ್ಲಿ ಹೋಗುವ 80 ಕೆಜಿಯಲ್ಲಿ ಸುಮಾರು 3,160 ಜೂಲ್ ಚಲನಶಕ್ತಿ ಇರುತ್ತದೆ. 9 ಕಿ.ಮೀ.ನಲ್ಲಿ ಇರುವುದು ಬರೀ 250 ಜೂಲ್. 60 ಕೇಡೆನ್ಸಿನಲ್ಲಿ 180 ವಾಟ್ ಹಾಕುವವರು ಪ್ರತಿ ಅರ್ಧ ಸುತ್ತಿಗೆ 90 ಜೂಲ್ ಸೇರಿಸುತ್ತಿರುತ್ತಾರೆ. ಬಯಲಲ್ಲಿ ಪೆಡಲ್ ಮೇಲೆ-ಕೆಳಗೆ ಬಂದು ಬಲ ಕಡಿಮೆಯಾಗುವ ಕ್ಷಣವನ್ನು ವೇಗವೇ ದಾಟಿಸಿಬಿಡುತ್ತದೆ. ಏರಿನಲ್ಲಿ ಆ ದಾಟಿಸುವ ಶಕ್ತಿ ಇಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಸೈಕಲ್ ನಿಂತಂತೆ ಆಗಿ, ಮತ್ತೆ ನೂಕಬೇಕಾಗುತ್ತದೆ. ತೊಡೆ ಸೋಲುವುದು ಈ ಮತ್ತೆ ಮತ್ತೆ ನೂಕುವುದರಿಂದ.

ಟ್ರೈನರ್‌ನಲ್ಲಿ ಈ ದಾಟಿಸುವ ಕೆಲಸವನ್ನು ಮಾಡುವುದು ಫ್ಲೈವೀಲ್, ಅಂದರೆ ಅದರೊಳಗಿನ ಭಾರದ ಗಾಲಿ. ಅದು ಎಷ್ಟು ಜೋರಾಗಿ ತಿರುಗುತ್ತದೆ ಅನ್ನುವುದು ನೀವು ಹಾಕಿದ ಗೇರಿನ ಮೇಲೆ ನಿಂತಿದೆ. ಎರ್ಗ್ ಮೋಡಿನಲ್ಲಿ ಯಂತ್ರವೇ ವಾಟ್ ಹಿಡಿದಿಡುವುದರಿಂದ ಗೇರ್ ಯಾವುದಾದರೇನು ಅಂತ ಜನ 50-15ರಲ್ಲಿ (ಮುಂದೆ 50 ಹಲ್ಲು, ಹಿಂದೆ 15) ಕೂತುಬಿಡುತ್ತಾರೆ. ಅದೇ ಕೇಡೆನ್ಸಿನಲ್ಲಿ 34-21ಕ್ಕೆ ಇಳಿದರೆ ಫ್ಲೈವೀಲ್ ಅರ್ಧ ವೇಗದಲ್ಲಿ ತಿರುಗುತ್ತದೆ. ವೇಗ ಅರ್ಧವಾದರೆ ಅದರೊಳಗಿನ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಪರದೆಯ ಮೇಲೆ ಅದೇ 180 ವಾಟ್, ಕಾಲಿಗೆ ಬೇರೆಯೇ ಕೆಲಸ. ಗುಡ್ಡದ ಅಭ್ಯಾಸವೆಲ್ಲ ಮುಂದಿನ ಚಿಕ್ಕ ಚೈನ್‌ರಿಂಗಿನಲ್ಲಿ, ಹಿಂದೆ ನಡುವಿನ ಅಥವಾ ದೊಡ್ಡ ಹಲ್ಲಿನಲ್ಲಿ. ಇದೊಂದನ್ನು ಬದಲಿಸಿಕೊಂಡರೆ ಉಳಿದದ್ದರಲ್ಲಿ ಅರ್ಧ ತಾನಾಗಿ ಸರಿಹೋಗುತ್ತದೆ.

ಟೈರಿಗೆ ರೋಲರ್ ಒತ್ತುವ ಹಳೆಯ ಮಾದರಿಯ ಟ್ರೈನರ್ ಇದ್ದವರಿಗೆ ಇಲ್ಲಿ ತೊಡಕಿದೆ. ಚಿಕ್ಕ ಗೇರಿನಲ್ಲಿ ಚಕ್ರ ನಿಧಾನ ತಿರುಗಿದಾಗ ಅವುಗಳ ಬ್ರೇಕಿಗೆ ಬೇಕಾದಷ್ಟು ತಡೆ ಕೊಡಲು ಆಗುವುದಿಲ್ಲ. ಜೋರಾಗಿ ತುಳಿದರೆ ಟೈರ್ ರೋಲರ್ ಮೇಲೆ ಜಾರುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಪ್ರತಿ ಸಲವೂ ಟೈರಿಗೆ ಅದೇ ಪ್ರೆಷರ್, ರೋಲರ್ ತಿರುಪಿಗೆ ಅಷ್ಟೇ ಸುತ್ತು ಇಟ್ಟುಕೊಂಡು, ನಡುವಿನ ಗೇರಿನಲ್ಲಿ 65-70 ಕೇಡೆನ್ಸಿಗೆ ತೃಪ್ತಿಪಡುವುದು ಲೇಸು. ಹಿಂದಿನ ಚಕ್ರ ತೆಗೆದು ನೇರವಾಗಿ ಚೈನ್ ಕೂರಿಸುವ ಡೈರೆಕ್ಟ್ ಡ್ರೈವ್ ಮಾದರಿಗೆ ಈ ಕಾಟ ಕಡಿಮೆ.

ಇನ್ನು ಆ್ಯಪ್ ಸೆಟ್ಟಿಂಗ್. ಪರದೆಯ ಮೇಲೆ ದಾರಿ ತೋರಿಸುವ ಜ್ವಿಫ್ಟ್ ಆ್ಯಪ್‌ನಲ್ಲಿ ‘ಟ್ರೈನರ್ ಡಿಫಿಕಲ್ಟಿ’ ಅಂತ ಒಂದು ಜಾರುಪಟ್ಟಿ ಇದೆ. ಅದು ಮೊದಲಿಗೆ ಅರ್ಧದಲ್ಲಿ ನಿಂತಿರುತ್ತದೆ. ಅಂದರೆ ಪರದೆಯ ಮೇಲೆ ಶೇ. 8ರ ಏರು ಕಂಡಾಗ ಕಾಲಿಗೆ ಸಿಗುವುದು ಶೇ. 4. ಇದರಲ್ಲಿ ಮೋಸವೇನಿಲ್ಲ. ಮೇಲೆ ಮುಟ್ಟಲು ಬೇಕಾದ ವಾಟ್ ಅಷ್ಟೇ ಇರುತ್ತದೆ, ಗೇರ್ ಬದಲಿಸುವ ಕೆಲಸ ಮಾತ್ರ ಕಡಿಮೆಯಾಗುತ್ತದೆ. ಆದರೆ ‘ನನ್ನ 28 ಹಲ್ಲಿನ ಗೇರ್ ಸಾಕು’ ಅನ್ನುವ ತಪ್ಪು ಧೈರ್ಯ ಹುಟ್ಟುವುದು ಇಲ್ಲಿಂದಲೇ. ನಿಜವಾದ ಗುಡ್ಡಕ್ಕೆ ಹೊರಡುವ ಮುಂಚಿನ ನಾಲ್ಕು ವಾರ ಇದನ್ನು ಪೂರ್ತಿ ನೂರಕ್ಕೆ ಏರಿಸಿಡಿ. ಜ್ವಿಫ್ಟ್‌ನ ಆಲ್ಪ್ ದು ಜ್ವಿಫ್ಟ್ ಅನ್ನುವ ಏರುದಾರಿ 12.2 ಕಿ.ಮೀ. ಉದ್ದ, 1,036 ಮೀಟರ್ ಏರು, ಸರಾಸರಿ ಶೇ. 8.5, ತಿರುವು 21. ನೂರರ ಸೆಟ್ಟಿಂಗಿನಲ್ಲಿ ಅದರ ಮೊದಲ ಏಳೆಂಟು ತಿರುವು ಹತ್ತಿದರೆ ಸಾಕು, ನಿಮ್ಮ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಸಾಲುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಬಹಳ ಜನರಿಗೆ ಸಾಲುವುದಿಲ್ಲ. ಹಿಂದೆ 34 ಹಲ್ಲು ಹಾಕಿದರೆ ಮೇಲಿನ ಲೆಕ್ಕದಲ್ಲಿ 59 ಇದ್ದ ಕೇಡೆನ್ಸ್ 71 ಆಗುತ್ತದೆ, 39 ಇದ್ದದ್ದು 48ರ ಹತ್ತಿರ ಬರುತ್ತದೆ. ಇಷ್ಟು ಲಾಭವನ್ನು ತಿಂಗಳುಗಟ್ಟಲೆ ತರಬೇತಿಯಿಂದಲೂ ಪಡೆಯುವುದು ಕಷ್ಟ. ‘ಹಿಂದೆ ದೊಡ್ಡ ಹಲ್ಲು ಹಾಕುವುದು ಸೋಮಾರಿತನ’ ಅನ್ನುವ ಗುಂಪಿನ ಮಾತಿಗೆ ಕಿವಿಗೊಡಬೇಡಿ, ಮಂಡಿ ಅವರದ್ದಲ್ಲ.

ಕೊಳ್ಳುವ ಮುಂಚೆ ಡಿರೇಲರ್, ಅಂದರೆ ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಭಾಗ, ನೋಡಿಕೊಳ್ಳಿ. ಶಿಮಾನೊ 105 ಆರ್7000 ಸರಣಿಯಲ್ಲಿ ಚಿಕ್ಕ ಕೇಜಿನದು 30 ಹಲ್ಲಿನವರೆಗೆ ಮಾತ್ರ, ಜಿಎಸ್ ಅಂತ ಬರೆದಿರುವ ಮಧ್ಯಮ ಕೇಜಿನದು 34ರವರೆಗೆ. ಕ್ಯಾಸೆಟ್ ದೊಡ್ಡದಾದರೆ ಚೈನ್ ಉದ್ದವೂ ಬದಲಾಗಬೇಕು. ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಿದಾಗ ಚೈನ್ ಬಿಗಿದು ನಿಂತರೆ ಡಿರೇಲರ್ ಮುರಿಯುತ್ತದೆ, ಅದನ್ನು ಹಿಡಿದಿರುವ ಹ್ಯಾಂಗರ್ ಬಾಗುತ್ತದೆ.

ಕ್ಯಾಸೆಟ್ ಕೂರಿಸುವಾಗ ಆಗುವ ಎಡವಟ್ಟು ಹೆಚ್ಚಾಗಿ ಸ್ಪೇಸರಿನದು, ಅಂದರೆ ಸಂದು ತುಂಬುವ ತೆಳು ಬಳೆಯದು. ಬಹುತೇಕ ಡೈರೆಕ್ಟ್ ಡ್ರೈವ್ ಟ್ರೈನರ್‌ಗಳಲ್ಲಿ ಕ್ಯಾಸೆಟ್ ಕೂರುವ ಫ್ರೀಹಬ್ 11 ಸ್ಪೀಡಿನ ರೋಡ್ ಅಗಲದ್ದು. 8, 9 ಸ್ಪೀಡ್ ಕ್ಯಾಸೆಟ್ಟಿಗೆ ಅದರ ಹಿಂದೆ 1.85 ಮಿ.ಮೀ. ಸ್ಪೇಸರ್ ಬೇಕು. ಶಿಮಾನೊ 10 ಸ್ಪೀಡ್ ರೋಡ್ ಕ್ಯಾಸೆಟ್ಟಿಗೆ ಅದರ ಜೊತೆ ಇನ್ನೊಂದು 1 ಮಿ.ಮೀ.ನದು. ಬಹಳ ಜನ ತಪ್ಪುವುದು 11-34ರ ಎಚ್‌ಜಿ700, ಎಚ್‌ಜಿ800 ಕ್ಯಾಸೆಟ್‌ಗಳಲ್ಲಿ. ಇವು 11 ಸ್ಪೀಡ್ ಆದರೂ ಕಿರಿದಾದ ಹಬ್ಬಿಗೆ ಮಾಡಿದಂಥವು, ರೋಡ್ ಹಬ್ಬಿನ ಮೇಲೆ 1.85ರ ಸ್ಪೇಸರ್ ಬೇಕೇ ಬೇಕು. ಹಾಕದಿದ್ದರೆ ಲಾಕ್‌ರಿಂಗ್ ಬಿಗಿಯಾದ ಮೇಲೂ ಕ್ಯಾಸೆಟ್ ಲಟಪಟ ಅಲ್ಲಾಡುತ್ತದೆ. ಹಬ್ಬಿನ ಮೇಲಿನ ಗೆರೆಗಳಲ್ಲಿ ಒಂದರ ಅಗಲ ಬೇರೆ ಇರುತ್ತದೆ, ಹಲ್ಲಿನ ಚಕ್ರದಲ್ಲೂ ಅಂಥದ್ದೇ ಒಂದು ತೋಡು ಇರುತ್ತದೆ. ಎರಡನ್ನೂ ಹೊಂದಿಸಿ ತಳ್ಳಿ. ಗ್ರೀಸ್ ತೆಳ್ಳಗೆ ಸವರಿ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿಯಿರಿ. ಟಾರ್ಕ್ ರೆಂಚ್ ಇಲ್ಲದವರು ಸೈಕಲ್ ಅಂಗಡಿಯಲ್ಲಿ ಬಿಗಿಸಿಕೊಂಡು ಬರುವುದು ವಾಸಿ. ಸೈಕಲ್ ಕೂರಿಸಿದ ಮೇಲೆ ಗೇರ್ ಕಟಕಟ ಅಂದರೆ ಗಾಬರಿ ಬೇಡ. ಟ್ರೈನರ್ ಹಬ್ಬೂ ನಿಮ್ಮ ಚಕ್ರದ ಹಬ್ಬೂ ಒಂದೇ ಅಳತೆಯಲ್ಲಿ ಕೂರುವುದಿಲ್ಲ. ಕೇಬಲ್‌ನ ಬ್ಯಾರಲ್ ತಿರುಪನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದರೆ ನಿಲ್ಲುತ್ತದೆ. ನಿಲ್ಲದೆ, ಜೋರಾಗಿ ತುಳಿದಾಗ ಮಾತ್ರ ಚೈನ್ ಹಾರಿದರೆ ಅದು ಸವೆದ ಚೈನ್, ಹೊಸ ಕ್ಯಾಸೆಟ್ಟಿನ ಜಗಳ. ಚೈನ್ ಗೇಜಿನಲ್ಲಿ 0.5 ದಾಟಿದ್ದರೆ ಚೈನ್ ಬದಲಿಸಿ.

ಟ್ರೈನರ್ ಅಳತೆ ಸರಿ ಇಲ್ಲದಿದ್ದರೆ ಈ ವಾಟ್ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಹತ್ತು ನಿಮಿಷ ಹದವಾಗಿ ತುಳಿದು ಬಿಸಿಯಾದ ಮೇಲೆ ಸ್ಪಿನ್‌ಡೌನ್ ಮಾಡಿ, ಅಂದರೆ ಆ್ಯಪ್ ಹೇಳಿದ ವೇಗಕ್ಕೆ ಏರಿಸಿ, ಪೆಡಲ್ ಬಿಟ್ಟು ಚಕ್ರ ತಾನೇ ನಿಲ್ಲಲು ಬಿಡಿ. ತಣ್ಣಗಿದ್ದಾಗ ಮಾಡಿದ್ದು ಲೆಕ್ಕಕ್ಕಿಲ್ಲ. ಟ್ಯಾಕ್ಸ್ ನಿಯೋದಂಥ ಕೆಲವು ಮಾದರಿಗಳಿಗೆ ಇದರ ಅಗತ್ಯವೇ ಇಲ್ಲ.

ನಮ್ಮ ಗುಡ್ಡವನ್ನೇ ಕೋಣೆಗೆ ತರಬಹುದು ಅನ್ನುವುದು ಸ್ಮಾರ್ಟ್ ಟ್ರೈನರ್‌ನ ನಿಜವಾದ ಸುಖ. ಜೋಗಿಮಟ್ಟಿ ರಸ್ತೆಯ ಜಿಪಿಎಕ್ಸ್ ಫೈಲನ್ನು (ದಾರಿಯ ಬಿಂದುಗಳನ್ನೂ ಎತ್ತರವನ್ನೂ ಬರೆದಿಡುವ ಫೈಲ್) ಯಾವುದಾದರೂ ರೂಟ್ ಪ್ಲಾನರ್‌ನಲ್ಲಿ ಎಳೆದು ಗಾರ್ಮಿನ್ ಎಡ್ಜ್‌ನಂಥ ಸೈಕಲ್ ಕಂಪ್ಯೂಟರಿಗೆ ಹಾಕಿದರೆ, ಅದು ಆ ದಾರಿಯ ಏರಿಳಿತಕ್ಕೆ ತಕ್ಕಂತೆ ಟ್ರೈನರ್ ತಡೆಯನ್ನು ಬದಲಿಸುತ್ತದೆ. ಆದರೆ ಎಳೆದ ಫೈಲನ್ನು ಹಾಗೆಯೇ ನಂಬಬೇಡಿ. ಉಪಗ್ರಹದ ಎತ್ತರದ ನಕ್ಷೆಯ ಒಂದೊಂದು ಚೌಕ ಸುಮಾರು 30 ಮೀಟರಿನದು. ಗುಡ್ಡದ ಬದಿಗೆ ಕೊರೆದ ರಸ್ತೆಯಲ್ಲಿ ಬಿಂದು ಸ್ವಲ್ಪ ಪಕ್ಕಕ್ಕೆ ಸರಿದರೆ ಅದು ರಸ್ತೆಯ ಎತ್ತರ ಬಿಟ್ಟು ಕಣಿವೆಯದ್ದನ್ನೋ ಬಂಡೆಯದ್ದನ್ನೋ ತೋರಿಸುತ್ತದೆ. ಹತ್ತು ಮೀಟರಿಗೊಂದು ಬಿಂದು ಇದ್ದು, ಎತ್ತರದಲ್ಲಿ ಎರಡೇ ಮೀಟರ್ ತಪ್ಪಾದರೂ ಶೇ. 20ರ ಸುಳ್ಳು ಗೋಡೆ ಎದ್ದು ನಿಲ್ಲುತ್ತದೆ. ಟ್ರೈನರ್ ಅದನ್ನು ನಂಬಿ ಪೆಡಲನ್ನು ಕಲ್ಲು ಮಾಡುತ್ತದೆ, ಮರುಕ್ಷಣ ಸಡಿಲ ಬಿಡುತ್ತದೆ. ನೂರು ಮೀಟರಿಗೊಂದು ಬಿಂದು ಉಳಿಸಿ ಬಾಕಿ ಅಳಿಸಿದರೆ ಈ ಕುಣಿತ ನಿಲ್ಲುತ್ತದೆ. ಅತಿಯಾಗಿ ನುಣುಪು ಮಾಡಿದರೆ ನಿಜವಾದ ಕಡಿದಾದ ತಿರುವುಗಳೂ ಮಾಯವಾಗುತ್ತವೆ, ಅಷ್ಟು ಎಚ್ಚರ ಇರಲಿ. ಇನ್ನೂ ಒಳ್ಳೆಯದು, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಇರುವ ಕಂಪ್ಯೂಟರಿನಿಂದ ಆ ದಾರಿಯಲ್ಲೇ ದಾಖಲಿಸಿದ ಫೈಲ್.

ತುಳಿಯುವ ಕ್ರಮಕ್ಕೆ ಬರೋಣ. ಮೊದಲು ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಅತಿ ಹೆಚ್ಚಿನ ವಾಟ್, ಬೇಕು. ಇಪ್ಪತ್ತು ನಿಮಿಷ ಪೂರ್ತಿ ಹಾಕಿ ಬಂದ ಸರಾಸರಿಯ ಶೇ. 95, ಇಲ್ಲವೇ ಸೋಲುವವರೆಗೆ ವಾಟ್ ಏರಿಸುತ್ತ ಹೋಗುವ ರ‍್ಯಾಂಪ್ ಟೆಸ್ಟಿನ ಕೊನೆಯ ಒಂದು ನಿಮಿಷದ ಅತಿ ಹೆಚ್ಚಿನ ಸರಾಸರಿಯ ಶೇ. 75. ಇದನ್ನು ಕೋಣೆಯಲ್ಲೇ ಅಳೆಯಿರಿ. ಸೆಕೆಯಿಂದಾಗಿ ಹಲವರಿಗೆ ಒಳಗಿನ ಸಂಖ್ಯೆ ಹೊರಗಿನದಕ್ಕಿಂತ ಕಡಿಮೆ ಬರುತ್ತದೆ. ಹೊರಗಿನ ಸಂಖ್ಯೆ ಇಟ್ಟುಕೊಂಡು ಒಳಗೆ ತುಳಿದರೆ ಎರಡನೇ ಸೆಟ್ಟಿನಲ್ಲೇ ಕೈಚೆಲ್ಲಬೇಕಾಗುತ್ತದೆ.

ವಾರಕ್ಕೆ ಮೂರು ದಿನ ಸಾಕು. ಒಂದು ದಿನ ಉದ್ದದ ಸೆಟ್: ಎಫ್‌ಟಿಪಿಯ ಶೇ. 88ರಿಂದ 94ರಲ್ಲಿ 15 ನಿಮಿಷದ್ದು ಎರಡು, ನಡುವೆ 5 ನಿಮಿಷ ಹಗುರ. ವಾರದಿಂದ ವಾರಕ್ಕೆ 20 ನಿಮಿಷಕ್ಕೆ ಏರಿಸಿ. ಇನ್ನೊಂದು ದಿನ ಭಾರದ ಪೆಡಲ್: ಶೇ. 80-85ರಲ್ಲಿ 6 ನಿಮಿಷದ್ದು ನಾಲ್ಕು, ಕೇಡೆನ್ಸ್ 55-60, ಸೀಟು ಬಿಟ್ಟು ಏಳದೆ. ಕೈ ಹ್ಯಾಂಡಲ್‌ನ ಮೇಲ್ಭಾಗದಲ್ಲಿ, ಮೊಣಕೈ ಸಡಿಲ, ಸೊಂಟ ಅಲ್ಲಾಡಬಾರದು. ಮಂಡಿಚಿಪ್ಪಿನ ಮುಂದೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಸೀಟು ತಗ್ಗಿರುವುದೇ ಇದಕ್ಕೆ ಹೆಚ್ಚಿನ ಸಲ ಕಾರಣ, 3-4 ಮಿ.ಮೀ. ಏರಿಸಿ ನೋಡಿ. 55-60 ಆಮೇಲಿನ ಮಾತು, ಮೊದಲ ಎರಡು ವಾರ ಕೇಡೆನ್ಸ್ 65ಕ್ಕಿಂತ ಕೆಳಗೆ ಇಳಿಸಲೇಬೇಡಿ. ಮೂರನೇ ದಿನ ಏರುಪೇರು: ಶೇ. 95ರಲ್ಲಿ 2 ನಿಮಿಷ, ಶೇ. 105ರಲ್ಲಿ 1 ನಿಮಿಷ, ಇದನ್ನು ಮೂರು ಸಲ ಸೇರಿಸಿ 9 ನಿಮಿಷದ ಒಂದು ಸೆಟ್. ಅಂಥವು ಮೂರು. ಘಾಟಿ ರಸ್ತೆಯ ತಿರುವಿನ ಒಳಬದಿಯಲ್ಲಿ ದಿಢೀರನೆ ಏರು ಹೆಚ್ಚಾಗಿ, ಆಮೇಲೆ ‘ಸ್ವಲ್ಪ ಕಡಿಮೆ’ ಆಗುತ್ತದಲ್ಲ, ಪೂರ್ತಿ ಬಿಡುವು ಸಿಗದೆ ಸುಧಾರಿಸಿಕೊಳ್ಳುವ ಆ ಕಲೆ ಇದರಿಂದಲೇ ಬರುವುದು.

ಭಾರದ ಪೆಡಲ್ ದಿನ ಎರ್ಗ್ ಮೋಡಿನಲ್ಲಿ ಒಂದು ಅಪಾಯವಿದೆ. ಸುಸ್ತಾಗಿ ಕೇಡೆನ್ಸ್ ಇಳಿದರೆ ವಾಟ್ ಕಾಯ್ದುಕೊಳ್ಳಲು ಯಂತ್ರ ತಡೆ ಹೆಚ್ಚಿಸುತ್ತದೆ, ತಡೆ ಹೆಚ್ಚಿದ್ದಕ್ಕೆ ಕೇಡೆನ್ಸ್ ಇನ್ನೂ ಇಳಿಯುತ್ತದೆ, ನಾಲ್ಕೈದು ಸೆಕೆಂಡಿನಲ್ಲಿ ಪೆಡಲ್ ಕಚ್ಚಿಕೊಂಡು ನಿಲ್ಲುತ್ತದೆ. ಗೇರ್ ಬದಲಿಸಿ ಪ್ರಯೋಜನವಿಲ್ಲ. ಎರ್ಗ್ ಆಫ್ ಮಾಡಿ, ಕೇಡೆನ್ಸ್ 80ಕ್ಕೆ ತಂದು, ಮತ್ತೆ ಆನ್ ಮಾಡಬೇಕು. ಈ ದಿನಕ್ಕೆ ಎರ್ಗ್ ಬಿಟ್ಟು ಸ್ಥಿರ ಏರು, ಅಂದರೆ ಸಿಮ್ ಮೋಡಿನಲ್ಲಿ ಶೇ. 6-8 ಹಾಕಿಕೊಂಡು ಗೇರಿನಿಂದಲೇ ವಾಟ್ ಹಿಡಿಯುವುದು ನನ್ನ ಮಟ್ಟಿಗೆ ಉತ್ತಮ. ಗುಡ್ಡದಲ್ಲಿ ಯಾರೂ ನಿಮಗಾಗಿ ವಾಟ್ ಹಿಡಿದಿಡುವುದಿಲ್ಲವಲ್ಲ.

ಎದ್ದು ನಿಂತು ತುಳಿಯುವುದನ್ನೂ ಕಲಿಯಬೇಕು. ಐದು ನಿಮಿಷಕ್ಕೊಮ್ಮೆ 30-40 ಸೆಕೆಂಡ್ ಸಾಕು. ಏಳುವ ಮುಂಚೆ ಹಿಂದೆ ಒಂದೆರಡು ಹಲ್ಲು ಭಾರದ ಗೇರಿಗೆ ಹೋಗಿ, ಕೂರುವಾಗ ಮತ್ತೆ ಹಗುರಕ್ಕೆ ಬನ್ನಿ. ಟ್ರೈನರ್‌ನಲ್ಲಿ ಸೈಕಲ್ ಎಡಬಲ ವಾಲುವುದಿಲ್ಲವಾದ್ದರಿಂದ ಜೋರಾಗಿ ಎಳೆದರೆ ಫ್ರೇಮಿಗೂ ಸೊಂಟಕ್ಕೂ ಏಟು. ಮುಂದಿನ ಚಕ್ರದ ಕೆಳಗೆ ಎತ್ತರ ಕೊಟ್ಟರೆ ಕೂರುವ ಭಂಗಿಯೂ ಗುಡ್ಡದ್ದಾಗುತ್ತದೆ. ರೋಡ್ ಸೈಕಲಿನ ಎರಡು ಚಕ್ರಗಳ ನಡುವಿನ ಅಂತರ ಸುಮಾರು ಒಂದು ಮೀಟರ್. ಹಾಗಾಗಿ 8 ಸೆಂ.ಮೀ. ಎತ್ತಿದರೆ ಶೇ. 8ರ ಏರಿನ ಓರೆ. ಚಕ್ರ ಕೂರುವ ತೋಡು ಇರುವ ರೈಸರ್ ಬ್ಲಾಕನ್ನೇ ಬಳಸಿ, ಬಿಡಿ ಇಟ್ಟಿಗೆ ಪೇರಿಸಬೇಡಿ. ಈ ಓರೆಯಲ್ಲಿ ಅರ್ಧ ಗಂಟೆ ಕೂತರೆ ಕೆಳಬೆನ್ನು ಹಿಡಿಯುತ್ತದೆ. ಜೋಗಿಮಟ್ಟಿಯ ನಡುದಾರಿಯಲ್ಲಿ ಹಿಡಿಯುವ ಬದಲು ಮನೆಯಲ್ಲೇ ಹಿಡಿದು ವಾಸಿಯಾಗಲಿ.

ಸೆಕೆಯ ಮಾತು ಬಿಡುವಂತಿಲ್ಲ. ದೇಹದ ದಕ್ಷತೆ ಶೇ. 20-25ರ ಆಸುಪಾಸು. ಅಂದರೆ ಪೆಡಲಿಗೆ 180 ವಾಟ್ ಹೋಗುವಾಗ 600 ವಾಟಿನಷ್ಟು ಶಾಖವಾಗಿ ಮೈಯಿಂದ ಹೊರಬರುತ್ತಿರುತ್ತದೆ. ತಲೆ ಮೇಲಿನ ಸೀಲಿಂಗ್ ಫ್ಯಾನ್ ಇದಕ್ಕೆ ಏನೇನೂ ಸಾಲದು. ಎದೆ ಎತ್ತರದಲ್ಲಿ, ಎದುರಿನಿಂದ ಪೆಡೆಸ್ಟಲ್ ಫ್ಯಾನ್ ಬೇಕು. ಏಪ್ರಿಲ್-ಮೇ ಒಣ ಬಿಸಿಲಿನಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಅದು ತೇವ ತುಂಬಿಸಿ ಬೆವರು ಆರದಂತೆ ಮಾಡುತ್ತದೆ. ಮಳೆಗಾಲದಲ್ಲಿ ಕೂಲರ್ ಬೇಡವೇ ಬೇಡ. ನಿಜವಾದ ಏರಿನಲ್ಲಿ 9 ಕಿ.ಮೀ. ವೇಗಕ್ಕೆ ಸಿಗುವ ಗಾಳಿಯೂ ಅಷ್ಟಕ್ಕಷ್ಟೇ. ಹಾಗಾಗಿ ಕೊನೆಯ ಎರಡು ವಾರ, ಕೊನೆಯ ಹತ್ತು ನಿಮಿಷ ಫ್ಯಾನನ್ನು ಕಡಿಮೆ ಮಾಡಿ ತುಳಿದರೆ ಒಳ್ಳೆಯದು. ತಲೆ ಸುತ್ತಿದರೆ, ಮೈ ಚಳಿ ಬಂದಂತಾದರೆ ಇಳಿದುಬಿಡಿ.

ತುಳಿಯುವ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಕುಡಿದದ್ದಕ್ಕಿಂತ ಒಂದು ಲೀಟರ್ ಹೆಚ್ಚು ಬೆವರು ಹೋಗಿದೆ. ಒಂದು ಲೀಟರ್ ನೀರಿಗೆ ಸಪಾಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಬೇಕಿದ್ದರೆ ನಿಂಬೆಹಣ್ಣು ಹಿಂಡಿದ ನೀರು ಸಾಕು. ಗಂಟೆ ಮೀರಿದರೆ ಜೊತೆಗೆ ಬಾಳೆಹಣ್ಣು. ಬೆಣ್ಣೆದೋಸೆ ತುಳಿದಾದ ಮೇಲೆ. ಮೊದಲು ತಿಂದು ಶೇ. 105ಕ್ಕೆ ಹೋದವರಿಗೆ ಬೆಣ್ಣೆಯೇ ಉತ್ತರ ಕೊಡುತ್ತದೆ. ಬೆವರು ಹ್ಯಾಂಡಲ್ ಮೇಲೆ, ಹೆಡ್‌ಸೆಟ್ ಬೋಲ್ಟುಗಳ ಮೇಲೆ ತೊಟ್ಟಿಕ್ಕದಂತೆ ಟವೆಲ್ ಹಾಸಿ. ಒಳಗೇ ನಿಂತ ಸೈಕಲ್ ಮಳೆಯಲ್ಲಿ ಓಡಿದ್ದಕ್ಕಿಂತ ಬೇಗ ತುಕ್ಕು ಹಿಡಿಯುವುದು ಈ ಉಪ್ಪಿನಿಂದ.

ಕರೆಂಟಿನ ಬಗ್ಗೆ ಒಂದೇ ಮಾತು. ಎದ್ದು ನಿಂತು ತುಳಿಯುವಾಗ ಬೆಸ್ಕಾಂ ಕರೆಂಟ್ ಹೋದರೆ ಬಹುತೇಕ ಟ್ರೈನರ್‌ಗಳ ತಡೆ ತಟ್ಟನೆ ಇಲ್ಲವಾಗಿ ಕಾಲು ಗಾಳಿಗೆ ತುಳಿದಂತಾಗುತ್ತದೆ. ಮಂಡಿ ಸ್ಟೆಮ್ಮಿಗೆ ಬಡಿಯುತ್ತದೆ. ಟ್ರೈನರ್ ಪ್ಲಗ್, ಫ್ಯಾನ್, ವೈಫೈ ರೂಟರ್ ಮೂರನ್ನೂ ಯುಪಿಎಸ್ ಲೈನಿನಲ್ಲಿಡಿ.

ಇಷ್ಟಾದ ಮೇಲೆ ಗುಡ್ಡಕ್ಕೆ. ಜೋಗಿಮಟ್ಟಿ ಅರಣ್ಯ ಇಲಾಖೆಯ ಪ್ರದೇಶ. ಒಳಗೆ ಬಿಡುವ ಸಮಯ, ಸೈಕಲಿಗೆ ಅನುಮತಿ ಎರಡನ್ನೂ ಹಿಂದಿನ ದಿನವೇ ಚಿತ್ರದುರ್ಗದಲ್ಲಿ ವಿಚಾರಿಸಿಕೊಳ್ಳಿ. ಮೊದಲ ಐದು ನಿಮಿಷ ಎಲ್ಲರೂ ಹುರುಪಿನಲ್ಲಿ ಹೆಚ್ಚು ಹಾಕುತ್ತಾರೆ. ಎಫ್‌ಟಿಪಿ 200 ಇದ್ದವರು 170-180ರ ಮೇಲೆ ಹೋಗದೆ, ಅಗತ್ಯ ಬೀಳುವ ಮುಂಚೆಯೇ ಹಗುರ ಗೇರಿಗೆ ಇಳಿಯಬೇಕು. ಪೆಡಲ್ ಮೇಲೆ ಪೂರ್ತಿ ಭಾರ ಬಿದ್ದಾಗ ಗೇರ್ ಒತ್ತಿದರೆ ಚೈನ್ ನಡುವೆ ಸಿಕ್ಕಿಕೊಳ್ಳುತ್ತದೆ. ಟಾರು ಕಿತ್ತು ಜಲ್ಲಿ ಎದ್ದಿರುವ ಕಡೆ ಎದ್ದು ನಿಲ್ಲಬೇಡಿ. ಭಾರ ಮುಂದೆ ಹೋಗಿ ಹಿಂದಿನ ಚಕ್ರ ಜಾರುತ್ತದೆ. ಟ್ರೈನರ್ ಇದನ್ನು ಯಾವತ್ತೂ ಕಲಿಸುವುದಿಲ್ಲ. ಗಾಳಿಯೂ ಹಾಗೆಯೇ. ದುರ್ಗದ ಗುಡ್ಡಸಾಲಿನ ನೆತ್ತಿಯಲ್ಲಿ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ತಿರುವು ತಿರುವಿಗೂ ದಿಕ್ಕು ಬದಲಿಸಿ ಹೊಡೆಯುತ್ತದೆ, ಆಗ ಎತ್ತರದ ರಿಮ್ಮಿನ ಚಕ್ರ ಮನೆಯಲ್ಲಿರಲಿ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬೇಡಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಬಲವಾಗಿ ಹಾಕಿ ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ರಿಮ್ ಬ್ರೇಕಿನವರಿಗೆ ರಿಮ್ ಕಾದು ಟ್ಯೂಬ್ ಸಿಡಿಯುವುದು ನಿರಂತರ ಉಜ್ಜುವುದರಿಂದಲೇ. ತಿಂಗಳುಗಟ್ಟಲೆ ಟ್ರೈನರ್ ಮೇಲಿದ್ದ ಸೈಕಲಿನಲ್ಲಿ ಹಿಂದಿನ ಚಕ್ರ ಮತ್ತೆ ಕೂರಿಸಿದ ಮೇಲೆ ಬ್ರೇಕ್ ಪ್ಯಾಡ್ ರಿಮ್ಮಿಗೆ ನೇರವಾಗಿ ಮುಟ್ಟುತ್ತದೆಯೇ, ಆಕ್ಸಲ್ ಬಿಗಿ ಇದೆಯೇ, ಡಿರೇಲರ್ ದೊಡ್ಡ ಹಲ್ಲಿನಲ್ಲಿ ಸ್ಪೋಕಿಗೆ ತಾಗುವುದಿಲ್ಲವೇ ಎಂಬ ಮೂರನ್ನೂ ಮನೆಯಲ್ಲೇ ನೋಡಿ ಹೊರಡಿ. ಟ್ರೈನರ್‌ಗೆ ಹೊಂದಿಸಲು ತಿರುಗಿಸಿದ್ದ ಆ ಅರ್ಧ ಸುತ್ತಿನ ಬ್ಯಾರಲ್ ತಿರುಪನ್ನು ವಾಪಸ್ ತಿರುಗಿಸಿರಬೇಕು. ಇಲ್ಲದಿದ್ದರೆ ಮೊದಲ ಕಡಿದಾದ ತಿರುವಿನಲ್ಲೇ 34ರ ಹಲ್ಲು ಕೈಕೊಡುತ್ತದೆ.